ಮಾಣಿಕನಗರದಿಂದ ನಡೆಯುವ ವಿಶ್ವವಿದ್ಯಾಲಯ

ಯುರೋಪಿನ ಒಂದು ಪುರಾತನ ವಿಶ್ವವಿದ್ಯಾಲಯವನ್ನು ಕೆಲವು ವರ್ಷ ನಡೆಸಿದವರು ನಮ್ಮ ಕಾಕಾ. ಈ ಸಂಗತಿ ಅಲ್ಲಿಯ ಕುಲಪತಿಗಳಿಗೆ ಗೊತ್ತಿಲ್ಲ, ಅಷ್ಟೆ! ಪಾಪ, ಅವರು ತಾವೇ ನಡೆಸುತ್ತಿದ್ದೇವೆ ಎಂದುಕೊಂಡು ದಿನಾ ಕಚೇರಿಗೆ ಹೋಗಿ ಬರುತ್ತಿದ್ದರು. ಕಾಕಾ ಮಾತ್ರ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ, ಮಠಕ್ಕೆ ಹೋಗುವ ದಾರಿಯ ತಮ್ಮ ಅಂಗಡಿಯಲ್ಲಿ, ತೆಂಗಿನಕಾಯಿ ರಾಶಿಯ ಹಿಂದೆ ಕೂತು ಅದರ ಲಿಫ್ಟು, ಗ್ರಂಥಾಲಯ, ಕೊಳದ ಬಾತುಕೋಳಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಂಗಡಿಯಲ್ಲಿ ಕಾಯಿ, ಊದಿನಕಡ್ಡಿ, ಕಲ್ಲುಸಕ್ಕರೆ, ಅದರ ಜೊತೆಗೆ ಶಾಲು ಮತ್ತು ತಲೆಗೆ ಸುತ್ತುವ ಫೇಟಾ ಸಿಗುತ್ತವೆ. ಈ ಶಾಲುಗಳೇ ಅವರ ತಲೆ ಕೆಡಿಸಿದ್ದು ಎಂದು ಅವರ ಹೆಂಡತಿ, ನಮ್ಮ ಕಾಕುವಿನ ಅಭಿಪ್ರಾಯ. ಯಾಕೆಂದರೆ ಕಾಕಾನಿಗೆ ಸನ್ಮಾನ ಮಾಡುವ ಚಟ. ಇಂಥ ಚಟ ಇರುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮಾಡಿಸಿಕೊಳ್ಳುವ ಚಟದವರು ಊರಿಗೆ ಹತ್ತು ಜನ ಸಿಗುತ್ತಾರೆ, ಮಾಡುವ ಚಟದವರು ಇವರೊಬ್ಬರೇ. ವರ್ಗವಾಗಿ ಹೋಗುವ ಬಸ್ ಕಂಡಕ್ಟರಿಗೆ ಶಾಲು. ಪಾಸಾದ ಹುಡುಗಿಗೆ ಶಾಲು. ಒಮ್ಮೆ ಮಟಮಟ ಮಧ್ಯಾಹ್ನ ಕರೆಂಟು ಸರಿಮಾಡಿದ ಲೈನ್‌ಮನ್ನನಿಗೆ, ಅವನು ಕಂಬದಿಂದ ಇಳಿದು ಬೆವರು ಒರೆಸಿಕೊಳ್ಳುವ ಮೊದಲೇ, ಉಣ್ಣೆಯ ಶಾಲು ಹೊದಿಸಿಬಿಟ್ಟರು. ಅವನು ಆ ಬಿಸಿಲಲ್ಲಿ ಉಣ್ಣೆ ಹೊದ್ದು ನಿಂತು ಫೋಟೊಕ್ಕೆ ನಕ್ಕದ್ದೇ ದೊಡ್ಡದು.

“ನಮ್ಮ ಅಂಗಡ್ಯಾಗ ಶಾಲು ಮಾರೂದಕಿಂತ ಹೊಚ್ಚೂದೇ ಭಾಳ ಆಗ್ಯದ” ಎಂದು ಕಾಕು ಬಂದವರಿಗೆಲ್ಲ ಹೇಳುತ್ತಾರೆ. ಕಾಕಾ ತಲೆ ಕೆಡಿಸಿಕೊಳ್ಳುವುದಿಲ್ಲ.

ಇಂಥವರ ಕೈಗೆ ವಿಶ್ವವಿದ್ಯಾಲಯ ಸಿಕ್ಕಿದ್ದು ನನ್ನಿಂದ. ಬಸವಕಲ್ಯಾಣದಲ್ಲಿ ಬೆಳೆದು, ಕೃಷಿ ಓದಿ, ನಾನು ಆ ವಿಶ್ವವಿದ್ಯಾಲಯದ ಸಸ್ಯ ವಿಭಾಗದಲ್ಲಿ ಸಂಶೋಧಕಿಯ ಕೆಲಸ ಹಿಡಿದೆ. ತೊಗರಿಯ ಬೇರು ನೀರಿಲ್ಲದಾಗ ಏನು ಮಾಡುತ್ತದೆ ಎಂದು ನೋಡುವುದು ನನ್ನ ಕೆಲಸ. ಹೊರಡುವ ಮುಂಚೆ ಕಾಕಾನಿಗೆ ನಮಸ್ಕಾರ ಮಾಡಲು ಹೋದಾಗ ಇದನ್ನು ವಿವರಿಸಿದೆ.

“ತೊಗರಿ ನೋಡಾಕ ಅಲ್ಲೀತನಕ ಯಾಕ ಹೋಗ್ತಿ ಬೇಟಾ? ಕೊಹಿನೂರ ಹಳ್ಳಿಗಿ ಬಸ್ ಅದ ಅಲ್ಲ?”

“ಅಲ್ಲಿ ಗಾಜಿನ ಮನ್ಯಾಗ, ಕುಂಡದಾಗ ಬೆಳಸ್ತಾರ್ರಿ ಕಾಕಾ. ಬೇರು ಮಷೀನಿನ್ಯಾಗ ಕಾಣಸ್ತಾವ.”

“ಗಾಜಿನ ಮನಿ ಯಾಕ? ಹೊರಗ ಬಿಸಲಿಲ್ಲೇನು?”

“ಕಡಿಮಿರಿ.”

“ಬಿಸಲಿಲ್ಲದ ಊರಾಗ ಕೂತು ತೊಗರಿ ಫಿಕರ್ ಮಾಡ್ತಾರ ಅಂದ್ರ, ಭಾಳ ದೊಡ್ಡ ಮನಸಿನವ್ರು ಅದಾರ” ಎಂದು ಕಾಕಾ ತೀರ್ಮಾನಿಸಿದರು. ವಿಶ್ವವಿದ್ಯಾಲಯದ ಮೇಲೆ ಅವರಿಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ. ಕೂಡಲೇ ನನಗೊಂದು ಶಾಲು ಹೊದಿಸಬೇಕಿತ್ತು ಎಂದು ನೀವು ಅಂದುಕೊಂಡಿರಬಹುದು. ಹೊದಿಸಲಿಲ್ಲ! “ಇನ್ನಾ ಏನ್ ಮಾಡಿದಿ ನೀ? ಮಾಡಿ ಬಾ, ಆಮ್ಯಾಲ ನೋಡೂಣು” ಎಂದರು. ಲೈನ್‌ಮನ್ನನಿಗೆ ಸಿಕ್ಕ ಮರ್ಯಾದೆ ನನಗೆ ಸಿಗಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಕೆಡುಕೆನಿಸಿತು.

ವಿಶ್ವವಿದ್ಯಾಲಯವು ವಾರಕ್ಕೊಂದು ಸುದ್ದಿಪತ್ರವನ್ನು ಮೇಲ್‌ನಲ್ಲಿ ಕಳಿಸುತ್ತದೆ. ಯಾರು ಬೇಕಾದರೂ ತರಿಸಿಕೊಳ್ಳಬಹುದು. ಯಾರೂ ತರಿಸಿಕೊಳ್ಳುವುದಿಲ್ಲ, ಅಲ್ಲಿಯ ನೌಕರರೇ ಓದುವುದಿಲ್ಲ. ಕಾಕಾ ತರಿಸಿಕೊಂಡರು. ಪ್ರತಿ ಶುಕ್ರವಾರ ಮೊಬೈಲು ಅದನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದುತ್ತಿತ್ತು, ಕಾಯಿ ಕೊಳ್ಳಲು ಬಂದ ಭಕ್ತರು ಕೇಳುತ್ತಿದ್ದರು. ಗ್ರಂಥಾಲಯದ ಮಾಡು ಸೋರುವುದು, ಸೈಕಲ್ ನಿಲ್ಲಿಸುವ ಜಾಗ ಬದಲಾದದ್ದು, ಹಳೆಯ ಹಸ್ತಪ್ರತಿಗಳಿಗೆ ಹೊಸ ಕಪಾಟು ಬಂದದ್ದು, ಕ್ಯಾಂಟೀನಿನಲ್ಲಿ ಸೂಪಿನ ರುಚಿ ಕೆಟ್ಟದ್ದು, ಹೀಗೆ ಅಲ್ಲಿ ನಡೆಯುವುದೆಲ್ಲ ಮಾಣಿಕನಗರದ ಆಟೋ ಸ್ಟ್ಯಾಂಡಿಗೆ ತಿಳಿಯತೊಡಗಿತು.

ಎಲ್ಲಕ್ಕಿಂತ ಹೆಚ್ಚಾಗಿ ಕಾಕಾನ ಕಣ್ಣು ನಮ್ಮ ಕಟ್ಟಡದ ಲಿಫ್ಟಿನ ಮೇಲೆ. ನನ್ನ ಪ್ರಯೋಗಾಲಯ ತುತ್ತತುದಿಯ ಮಹಡಿಯಲ್ಲಿತ್ತು. ಲಿಫ್ಟು ಕೆಡುವುದು ಅಲ್ಲಿ ಹಬ್ಬ ಹುಣ್ಣಿಮೆಯಷ್ಟೇ ಖಾತ್ರಿ. ಸುದ್ದಿಪತ್ರದಲ್ಲಿ ಅದು ಬಂದ ಶುಕ್ರವಾರ, ನಾನು ಹಾಸಿಗೆಯಿಂದ ಏಳುವ ಮೊದಲೇ ಫೋನು ಬರುತ್ತಿತ್ತು.

“ಬೇಟಾ, ನಿಮ್ಮ ಲಿಫ್ಟ್ ಮತ್ತ ಕೆಟ್ಟದಂತ. ಮಣ್ಣಿನ ಕುಂಡ ಒಂದೇ ಸಲ ಎರಡೆರಡು ಹೊರಬ್ಯಾಡ. ನಡು ಹಿಡಕೋತದ.”

ನಾನು ಹೋಗಿ ನೋಡಿದರೆ ಖರೇ! ನನ್ನ ಜೊತೆಯವರು ಲಿಫ್ಟಿನ ಗುಂಡಿ ಒತ್ತಿ ಒತ್ತಿ ಬೇಸತ್ತು ನಿಂತಿರುತ್ತಿದ್ದರು. ನಾನು ನೇರ ಮೆಟ್ಟಿಲಿಗೆ ಹೋಗುತ್ತಿದ್ದೆ. ಇವಳಿಗೆ ಹೇಗೆ ಗೊತ್ತಾಗುತ್ತದೆ ಎಂದು ಅವರಿಗೆ ಅಚ್ಚರಿ.

ಒಂದು ವಾರ ಸುದ್ದಿಪತ್ರದಲ್ಲಿ, ನಿದ್ದೆಯ ಬಗೆಗಿನ ಸಂಶೋಧನೆಗೆ ಮಲಗಿ ತೋರಿಸುವ ಜನ ಬೇಕಾಗಿದ್ದಾರೆ ಎಂದು ಬಂತು. ಅವತ್ತೇ ಕಾಕಾನಿಂದ ನನಗೊಂದು ವಿಡಿಯೊ. ಪಕ್ಕದ ಬಳೆ ಅಂಗಡಿಯ ಮಾಲೀಕರು ಬಳೆಗಳ ನಡುವೆ ಬಾಯಿ ತೆರೆದು ಮಲಗಿದ್ದಾರೆ.

“ಇವರ್ನ ತಗೋರಿ ಅಂತ ಹೇಳು. ಗಿರಾಕಿ ತಾವೇ ಕೈಗಿ ಬಳಿ ಇಟ್ಕೊಂಡು ಹೋಗ್ತಾರ, ಇವರು ಏಳಂಗಿಲ್ಲ. ಇಂಥಾ ನಿದ್ದಿ ಅಲ್ಲಿ ಸಿಗಂಗಿಲ್ಲ.”

“ಕಾಕಾ, ಅಲ್ಲೇ ಇರೋರೇ ಬೇಕಂತರಿ.”

“ಹಂಗಾರ ಅವರ ಸಂಶೋಧನಿ ಕಚ್ಚಾ ಉಳೀತದ” ಎಂದು ಕಾಕಾ ನಿಟ್ಟುಸಿರುಬಿಟ್ಟರು.

ಇನ್ನು ಬಾಗಿಲು ಕಾಯುವ ಹಿರಿಯರ ಪ್ರಸಂಗ. ನಮ್ಮ ಕಟ್ಟಡದ ಬಾಗಿಲಲ್ಲಿ ಎಷ್ಟೋ ಕಾಲದಿಂದ ಕೂತಿದ್ದವರು ನಿವೃತ್ತರಾದರು. ಸುದ್ದಿಪತ್ರದಲ್ಲಿ ಅವರ ಫೋಟೊ ಬಂತು. ಸಹೋದ್ಯೋಗಿಗಳು ಚಹಾ ಮತ್ತು ಕೇಕಿಗೆ ಸೇರಬೇಕೆಂದು ಕೆಳಗೆ ಬರೆದಿತ್ತು. ಕಾಕಾ ಕೆರಳಿದರು.

“ಚಾ, ಕೇಕು, ಇಷ್ಟೇ? ಶಾಲಿಲ್ಲ, ಕಾಯಿಲ್ಲ. ಜಿಂದಗಿ ಪೂರಾ ಬಾಗಲ ಕಾದವ್ರನ್ನ ಹಂಗೇ ಕಳಸ್ತಾರೇನು?”

ಫೋಟೊ ಮುದ್ರಿಸಿ, ಚೌಕಟ್ಟು ಹಾಕಿಸಿ, ಅಂಗಡಿಯ ಮುಂದೆ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ಫೋಟೊ ಕೂರಿಸಿ, ಕುರ್ಚಿಗೇ ಶಾಲು ಹೊದಿಸಿದರು. ಎಲ್ಲ ಸರಿಯಾಗಿತ್ತು. ಆದರೆ ಹಾರವಿಲ್ಲದೆ ಸನ್ಮಾನ ಎಲ್ಲಿಯದು? ಹಾರವನ್ನೂ ಹಾಕಿದರು. ಚೌಕಟ್ಟಿನಲ್ಲಿರುವ ಫೋಟೊಕ್ಕೆ ಹಾರ ಹಾಕಿದರೆ ನಮ್ಮಲ್ಲಿ ಏನು ಅರ್ಥ ಎಂಬುದು ಉತ್ಸಾಹದಲ್ಲಿ ಅವರಿಗೆ ಮರೆತೇ ಹೋಗಿತ್ತು!

ದಾರಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ಎಂದೂ ಏಳದ ಬಳೆ ಅಂಗಡಿಯವರು ಎದ್ದು, ನೋಡಿ, ಗಾಬರಿಯಾಗಿ ತಮ್ಮ ಅಂಗಡಿಯ ಶಟರನ್ನು ಅರ್ಧ ಎಳೆದರು. ಅದನ್ನು ಕಂಡು ಆಚೀಚಿನ ಅಂಗಡಿಗಳೂ ಅರ್ಧ ಎಳೆದವು. ನಿರ್ಣಾ ಹಳ್ಳಿಯಿಂದ ಕಾಯಿ ಒಯ್ಯಲು ಬಂದ ರೈತರೊಬ್ಬರು ಕಾಕುವಿನ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು:

“ಭಾಳ ವಯಸ್ಸಾಗಿತ್ತೇನ್ರಿ ಅಕ್ಕಾರ?”

“ಅಯ್ಯ, ಆರಾಮ ಅದಾರ್ರಿ. ಈಗ ಅಲ್ಲಿ ಕೇಕ್ ತಿನ್ನಾಕತ್ತಾರ.”

ಕಾಕಾ ಓಡಿಬಂದು ಹಾರ ತೆಗೆದು ಕುರ್ಚಿಯ ಕೈಗೆ ಹಾಕಿದರು. ಆದರೆ ಶಟರುಗಳನ್ನು ಮೇಲೆತ್ತಿಸುವ ಮೊದಲೇ ವಿಡಿಯೊ ಆಗಿಹೋಗಿತ್ತು.

ಕಾಕಾ ಕಳಿಸಿದ ಆ ವಿಡಿಯೊವನ್ನು ನಾನು ಬಾಗಿಲಿನ ಹಿರಿಯರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಇನ್ನೊಮ್ಮೆ ತೋರಿಸು ಎಂದರು. ಅರ್ಧ ಇಳಿದ ಶಟರುಗಳ ಮೇಲೆ ಬೆರಳಿಟ್ಟು, “ನನಗಾಗಿ ಅಂಗಡಿ ಮುಚ್ಚಿದ್ದಾರೆಯೇ?” ಎಂದು ಕೇಳಿದರು. ಹೌದು ಎಂದೆ. ಸುಳ್ಳೇನೂ ಅಲ್ಲವಲ್ಲ! ಆಮೇಲೆ ಆ ಹಿರಿಯರು ಎಂದಾದರೂ ಹಳೆಯ ಗೆಳೆಯರನ್ನು ಕಾಣಲು ಬಂದರೆ, ಕುಲಪತಿಗಳ ಕ್ಷೇಮ ಕೇಳುತ್ತಿರಲಿಲ್ಲ, ನಮ್ಮ ಕಾಕಾನ ಕ್ಷೇಮ ಕೇಳುತ್ತಿದ್ದರು. ಗುರುತು ಪರಿಚಯವಿಲ್ಲದ ಆ ಊರಿನಲ್ಲಿ ನನ್ನನ್ನು ನಾಲ್ಕು ಜನ ನಗುತ್ತ ಮಾತಾಡಿಸುವಂತೆ ಮಾಡಿದ್ದು ನನ್ನ ಪದವಿಯಲ್ಲ, ಆ ಕುರ್ಚಿ ಮತ್ತು ಶಾಲು.

ಆಮೇಲೆ ಒಂದು ಶುಕ್ರವಾರ ಸುದ್ದಿಪತ್ರದ ಕೊನೆಯಲ್ಲಿ ಚಿಕ್ಕದೊಂದು ಸುದ್ದಿ ಬಂತು. ನಮ್ಮ ಸಸ್ಯ ವಿಭಾಗವನ್ನು ಇನ್ನೊಂದರೊಳಗೆ ಸೇರಿಸುತ್ತಾರೆ, ಬೇಸಿಗೆಗೆ ಮುಗಿಯುವ ಯೋಜನೆಗಳನ್ನು ಮುಂದುವರಿಸುವುದಿಲ್ಲ. ಅಂದರೆ ನನ್ನ ಕೆಲಸ ಹೋಯಿತು. ತೊಗರಿಯ ಬೇರು ಅರ್ಧ ನೋಡಿದ್ದೆ, ಅರ್ಧ ಉಳಿಯಿತು. ಬಸವಕಲ್ಯಾಣದಲ್ಲಿ ಅಪ್ಪ ಆಗಲೇ ಗಲ್ಲಿಗೆಲ್ಲ ಮಗಳ ಕೆಲಸ ಪರ್ಮನೆಂಟ್ ಎಂದು ಹೇಳಿಯಾಗಿತ್ತು. ಬೇರೆ ಕಡೆ ಅರ್ಜಿ ಹಾಕಿದೆ, ಎಲ್ಲೂ ಆಗಲಿಲ್ಲ. ಮನೆಯಲ್ಲಿ ಹೇಳುವ ಧೈರ್ಯವೂ ಬರಲಿಲ್ಲ.

ಕಾಕಾನ ಫೋನಿಗೆ ಹೆದರುತ್ತ ಕೂತೆ. ಬಾತುಕೋಳಿ ಮೊಟ್ಟೆ ಇಟ್ಟದ್ದನ್ನೂ ಬಿಡದ ಮನುಷ್ಯ ಇದನ್ನು ಬಿಡುತ್ತಾರೆಯೇ? ಬಿಟ್ಟರು! ಫೋನು ಬಂತು, “ಊಟ ಆಯ್ತೇನು ಬೇಟಾ?” ಎಂದರು, ಇಟ್ಟರು. ಮುಂದಿನ ವಾರವೂ ಅಷ್ಟೆ. ಮೊಬೈಲು ಪುಟದ ಕೊನೆಯವರೆಗೆ ಓದಿಲ್ಲ ಎಂದುಕೊಂಡು ನಾನು ನೆಮ್ಮದಿಪಟ್ಟೆ. ಬೇಸಿಗೆಯಲ್ಲಿ ರಜೆಗೆ ಬರುತ್ತಿದ್ದೇನೆ ಎಂದಷ್ಟೇ ಊರಿಗೆ ತಿಳಿಸಿದೆ.

“ಸೀದಾ ಕಲ್ಯಾಣಕ್ಕ ಹೋಗಬ್ಯಾಡ. ಮೊದಲ ಇಲ್ಲಿ ಇಳಿ” ಎಂದು ಕಾಕಾನ ಅಪ್ಪಣೆಯಾಯಿತು.

ಹೈದರಾಬಾದಿನಿಂದ ಬಸ್ಸು ಹಿಡಿದು ಹುಮನಾಬಾದಿನಲ್ಲಿ ಇಳಿದು, ಆಟೋದಲ್ಲಿ ಮಾಣಿಕನಗರಕ್ಕೆ ಬಂದರೆ, ಅಂಗಡಿಯ ಮುಂದೆ ಅದೇ ಕುರ್ಚಿ. ಕಾಕು ಆರತಿ ತಟ್ಟೆ ಹಿಡಿದು ನಿಂತಿದ್ದರು. ಬಳೆ ಅಂಗಡಿಯವರು ಎಚ್ಚರವಾಗಿದ್ದರು. ಬಸವಕಲ್ಯಾಣದಿಂದ ಅಪ್ಪ, ಅವ್ವ ಇಬ್ಬರೂ ಬಂದು ನಿಂತಿದ್ದರು. ಕಾಕಾನ ಕೈಯಲ್ಲಿ ಶಾಲು, ಕಾಯಿ, ಕೆಂಪು ಫೇಟಾ. ಹತ್ತಿರ ಹೋಗಿ ಅವರಿಗಷ್ಟೇ ಕೇಳುವಂತೆ ಹೇಳಿದೆ:

“ಕಾಕಾ, ಬ್ಯಾಡ್ರಿ. ನಾ ಏನೂ ಗೆದ್ದು ಬಂದಿಲ್ಲ. ಕೆಲಸ ಹೋಗ್ಯದ.”

“ಗೊತ್ತದ. ಎಲ್ಲಾರಿಗೂ ಹೇಳೀನಿ” ಎಂದು ಕಾಕಾ ಗಟ್ಟಿಯಾಗಿಯೇ ಅಂದರು. “ಕೆಲಸ ಮಾಡಿ ಮನಿಗಿ ಬಂದವ್ರಿಗಿ ನಮ್ಮ ಕಡಿ ಶಾಲು ಹೊಚ್ಚತಾರ. ಹ್ಯಾಂಗ ಮುಗೀತು ಅಂತ ಕೇಳಂಗಿಲ್ಲ. ಕೂಡು. ಈ ಸಲ ಫೋಟೊದ ಜರೂರತ್ತಿಲ್ಲ, ಮನಷ್ಯಾಳೇ ಬಂದಾಳ.”

ಕೂತೆ. ಅಪ್ಪನೇ ಫೇಟಾ ಸುತ್ತಿದರು. ಅವರ ಮುಖದಲ್ಲಿ ನಾನು ಹೆದರಿದ್ದ ಯಾವುದೂ ಇರಲಿಲ್ಲ. ಇಷ್ಟು ತಿಂಗಳು ಸುಮ್ಮನಿದ್ದ ಕಾಕಾ, ನಾನು ಆಡಲಾಗದ ಮಾತನ್ನು ನನಗಿಂತ ಮೊದಲೇ ಆಡಿ ಮುಗಿಸಿದ್ದರು. ಉಣ್ಣೆಯ ಶಾಲು, ಬೇಸಿಗೆಯ ಬಿಸಿಲು! ಬೆವರಿನ ಜೊತೆ ಕಣ್ಣೀರೂ ಇಳಿದದ್ದು ಯಾರಿಗೂ ಕಾಣಲಿಲ್ಲ. ಆ ಮನುಷ್ಯನ ಋಣವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ?

ಚಹಾ ಕುಡಿಯುತ್ತ ಕೂತಿದ್ದಾಗ ಕಾಕಾನ ಮೊಬೈಲು ಸದ್ದು ಮಾಡಿತು. ಅವತ್ತು ಶುಕ್ರವಾರ. ವಿಶ್ವವಿದ್ಯಾಲಯದ ಸುದ್ದಿ ಬಂದಿತ್ತು. ಕಾಕಾ ಒಮ್ಮೆ ನೋಡಿ ಅದನ್ನು ತೆರೆಯದೆ ಕಲ್ಲುಸಕ್ಕರೆ ಡಬ್ಬಿಯ ಮೇಲೆ ಇಟ್ಟರು.

“ಓದ್ರಿ ಕಾಕಾ” ಎಂದೆ. “ಲಿಫ್ಟ್ ರಿಪೇರಿ ಆಗ್ಯದೋ ಏನೋ.”

ಕಾಕಾ ನನ್ನ ಹೆಗಲಿನಿಂದ ಜಾರುತ್ತಿದ್ದ ಶಾಲನ್ನು ಸರಿಮಾಡಿದರು.

“ಆದರ ಆಗಲಿ, ಬಿಟ್ಟರ ಬಿಡಲಿ” ಎಂದರು. “ಈಗ ಅಲ್ಲಿ ಮೆಟ್ಟಲ ಹತ್ತಾವ್ರು ನಮ್ಮವ್ರು ಯಾರದಾರ?”