ಎಡಗೈಗೊಂದು ಪಿಸ್ತೂಲು

ನಮ್ಮ ಮನೆಯಲ್ಲಿ ನನ್ನದು ಅನ್ನುವ ವಸ್ತು ಒಂದನ್ನು ಯಾರಾದರೂ ತೋರಿಸಲಿ ನೋಡೋಣ. ತೋಟ ಅಮ್ಮನ ಹೆಸರಿನಲ್ಲಿದೆ. ಜೀಪು ಮಗಳ ವಶದಲ್ಲಿದೆ. ಟಿವಿ ರಿಮೋಟು ಯಾರದೆಂದು ಮದುವೆಯಾದವರು ಕೇಳಬಾರದು. ಹೀಗಿರುವಾಗ ಜಾವಳಿ ಊರಿನ ನನ್ನಂಥ ಒಬ್ಬ ಬಡಪಾಯಿ ಕಾಫಿ ಪ್ಲಾಂಟರ್ ಕೊನೆಗಾಲಕ್ಕೆ ಒಂದು ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿಗೆ ಆಸೆಪಟ್ಟರೆ ತಪ್ಪೇ? (ತಪ್ಪು ಅನ್ನುವವರು ದಯವಿಟ್ಟು ಕೈ ಎತ್ತಬೇಡಿ. ಕೈಗಳ ವಿಷಯವೇ ಮುಂದೆ ಬರಲಿದೆ.)

ಹುಚ್ಚು ಹತ್ತಿದ್ದು ಯೂಟ್ಯೂಬಿನಿಂದ. ಕಾಫಿ ಕುಯ್ಲು ಮುಗಿದು ಒಣಗಿದ ಪಾರ್ಚ್‌ಮೆಂಟ್ ಬೀಜ ಮೂಟೆ ಸೇರಿದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದು, ಬಾರದ ಮಳೆಯನ್ನು ಬೈಯುವುದು, ಇಷ್ಟೇ ತಾನೇ ಕೆಲಸ? ಆ ಬಿಡುವಿನಲ್ಲಿ ನಾನು ಪಿಸ್ತೂಲುಶಾಸ್ತ್ರ ಪಾರಂಗತನಾದೆ. ಈಗಿನ ಪಿಸ್ತೂಲುಗಳ ಮೇಲೆ ಪುಟ್ಟ ಗಾಜೊಂದನ್ನು ಕೂರಿಸಬಹುದು. ಅದರೊಳಗೆ ಕೆಂಪು ಚುಕ್ಕೆ ಮೂಡುತ್ತದೆ. ಚುಕ್ಕೆ ಎಲ್ಲಿಯೋ ಗುಂಡು ಅಲ್ಲಿ. ನಳಿಗೆಯ ಕೆಳಗೆ ಟಾರ್ಚು ಸಿಕ್ಕಿಸಲು ಹಳಿ ಇದೆ. ಹಿಡಿಯ ಬೆನ್ನನ್ನು ಕೈಯ ಅಳತೆಗೆ ತಕ್ಕಂತೆ ಬದಲಿಸಬಹುದು. ಈ ದಿವ್ಯಜ್ಞಾನವನ್ನೆಲ್ಲ ಊಟಕ್ಕೆ ಕೂತಾಗ ನನ್ನ ಹೆಂಡತಿ ಕುಸುಮಾಳಿಗೆ ಧಾರೆಯೆರೆಯುತ್ತಿದ್ದೆ.

“ಟಾರ್ಚಾ?” ಎಂದಳು. “ಕರೆಂಟ್ ಹೋದಾಗ ಈ ಮನೇಲಿ ಗೋಡೆ ಮೇಲಿನ ಟಾರ್ಚ್ ಹುಡುಕೋಕೇ ಇನ್ನೊಂದು ಟಾರ್ಚ್ ಬೇಕು.”

“ಅದು ಕಾಡುಹಂದಿಗೆ ಕಣೇ!”

“ಹಂದಿಗೆ ಯಾಕ್ರೀ ಟಾರ್ಚು? ಅದು ಕತ್ಲಲ್ಲೇ ನಮ್ ಗೆಣಸು ಹುಡುಕ್ಕೊಂಡು ಬರುತ್ತೆ.”

ಇಂಥ ಮಾತಿಗೆ ನಾನು ಹಿಡಿಯುವ ಅಸ್ತ್ರ ಒಂದೇ. “ಎಷ್ಟು ಸಲ ಹೇಳೋದು, ಎಡಗೈಲಿ ಬಡಿಸ್ಬೇಡ ಅಂತ! ಏಳ್ಗೆ ಆಗಲ್ಲ.”

ಕುಸುಮಾ ಹುಟ್ಟಾ ಎಡಗೈಯವಳು. ಅವಳು ಎಡಗೈಯಲ್ಲಿ ಕಲ್ಲು ಬೀಸಿದರೆ ಮಂಗಗಳು ಪಕ್ಕದ ಎಸ್ಟೇಟಿನವರೆಗೂ ಹಿಂತಿರುಗಿ ನೋಡುವುದಿಲ್ಲ. ಆದರೆ ಮದುವೆಯಾಗಿ ಬಂದ ದಿನವೇ ನಮ್ಮಮ್ಮ ಅವಳ ಕೈಯಿಂದ ಸೌಟು ಕಿತ್ತು ಬಲಗೈಗೆ ಕೊಟ್ಟರು. ಆ ಪವಿತ್ರ ಕೆಲಸವನ್ನು ನಾನು ಮುಂದುವರಿಸಿಕೊಂಡು ಬಂದಿದ್ದೇನೆ. ಆ ದಿನವೂ ಅವಳು ಸೌಟನ್ನು ಬಲಗೈಗೆ ಬದಲಿಸಿದಳು. ಸಾರು ನನ್ನ ಪಂಚೆಯ ಮೇಲೆ ಬಿತ್ತು.

ಪಿಸ್ತೂಲಿಗೆ ಲೈಸೆನ್ಸು ಬೇಕಲ್ಲ? ನಾನು ಹಾಕಿದ ಅರ್ಜಿ ಯಾವುದೋ ಆಫೀಸಿನಲ್ಲಿ ಇನ್ನೂ ವಿಶ್ರಾಂತಿ ಪಡೆಯುತ್ತಿದೆ. ಆದರೆ ಕುಸುಮಾಳಿಗೆ ಲೈಸೆನ್ಸು ಇತ್ತು. ಕಳಸದಲ್ಲಿರುವ ನನ್ನ ಮಾವ ಮಂಜಯ್ಯನವರು ತಮ್ಮ ಜೋಡಿನಳಿಗೆ ಕೋವಿಯನ್ನು ಅಳಿಯನ ಮೇಲೆ ನಂಬಿಕೆ ಸಾಲದೆ ಮಗಳ ಹೆಸರಿಗೇ ಮಾಡಿಸಿದ್ದರು. ಅದರಲ್ಲೇ ಒಂದು ಪಿಸ್ತೂಲಿಗೂ ಅನುಮತಿ ಸಿಕ್ಕಿತು. ಹೆಸರು ಅವಳದು, ಕೈ ನನ್ನದು. ಅವಳು ಪಕ್ಕದಲ್ಲಿ ನಿಂತಿದ್ದರೆ ನಮ್ಮ ಕ್ಲಬ್ಬಿನ ಶೂಟಿಂಗ್ ರೇಂಜಿನಲ್ಲಿ ನಾನು ಹೊಡೆಯಬಹುದು ಎಂದು ನನಗೆ ನಾನೇ ಒಂದು ಕಾನೂನು ಮಾಡಿಕೊಂಡೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಕ್ಲಬ್ಬಿಗೆ ಹೋಗಿ ಕೆಂಪು ಚುಕ್ಕೆಯ ಗಾಜಿನ ಬಗ್ಗೆ ಬಾಯಿ ಬಿಟ್ಟೆ. ನಮ್ಮ ಕ್ಲಬ್ಬಿನ ಸೆಕ್ರೆಟರಿ ಪ್ರಶಾಂತ್ ಬಣಕಲ್ಲಿನವನು, ಪ್ರತಿ ವರ್ಷ ತೆಂಗಿನಕಾಯಿಗೆ ಗುರಿಯಿಡುವ ಶೂಟಿಂಗ್ ಪಂದ್ಯದಲ್ಲಿ ತನ್ನ ಓಬೀರಾಯನ ಕಾಲದ ಪಿಸ್ತೂಲಿನಿಂದಲೇ ಕಾಯಿ ಒಡೆಯುವವನು.

“ಕಾಯಿ ಒಡ್ಯೋದು ಕಣ್ಣು ಮಾರಾಯ, ಗಾಜಲ್ಲ,” ಎಂದು ನಕ್ಕ.

ನನಗೆ ರೇಗಿತು. “ಈ ಸಲ ನಾನು ಕಾಯಿ ಒಡೀದಿದ್ರೆ, ಸೊಂಟಕ್ಕೆ ಟವೆಲ್ ಕಟ್ಕೊಂಡು ಇಡೀ ಕ್ಲಬ್ಬಿಗೆ ಕಡುಬು, ಕೋಳಿ ಸಾರು ಬಡಿಸ್ತೀನಿ!” ಎಂದುಬಿಟ್ಟೆ. ಮನೆಯಲ್ಲಿ ಒಂದು ಲೋಟ ನೀರನ್ನೂ ಎತ್ತಿ ಕುಡಿಯದವನು ನಾನು. ಕ್ಲಬ್ಬಿಗೆ ಕ್ಲಬ್ಬೇ ಚಪ್ಪಾಳೆ ತಟ್ಟಿತು.

ಚಿಕ್ಕಮಗಳೂರಿನ ಕೋವಿ ಅಂಗಡಿಗೆ ಗಂಡ ಹೆಂಡಿರು ಇಬ್ಬರೂ ಹೋದೆವು. ಅಂಗಡಿಯ ಏಕಾಂತಪ್ಪನವರು ಪಿಸ್ತೂಲೊಂದನ್ನು ತೆಗೆದು, ಗುಂಡು ತುಂಬುವ ಮ್ಯಾಗಝೀನ್ ಕಳಚಿ, ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ನಿಲ್ಲಿಸಿ, ಖಾಲಿ ಇದೆ ಎಂದು ತೋರಿಸಿ ಮೇಜಿನ ಮೇಲಿಟ್ಟರು. ನಾನು ಕೈ ಚಾಚಿದೆ.

“ಲೈಸೆನ್ಸ್ ಅಮ್ಮಾವ್ರದ್ದಲ್ವಾ ಸಾರ್? ಮೊದ್ಲು ಅವ್ರು ಹಿಡ್ದು ನೋಡ್ಲಿ.”

ಕುಸುಮಾ ಎತ್ತಿಕೊಂಡಳು. ಎಡಗೈಯಲ್ಲಿ!

“ಬಲಗೈ, ಬಲಗೈ!” ಎಂದೆ.

“ಇರ್ಲಿ ಬಿಡಿ ಸಾರ್,” ಎಂದರು ಏಕಾಂತಪ್ಪ. “ಈಗಿನ ಪಿಸ್ತೂಲ್‌ಗಳಲ್ಲಿ ಸ್ಲೈಡ್ ಬಿಡೋ ಕಡ್ಡಿ ಎರಡೂ ಕಡೆ ಇರುತ್ತೆ. ಮ್ಯಾಗಝೀನ್ ಕಳಚೋ ಬಟನ್ನೂ ಆಚೆ ಕಡೆಗೆ ತಿರುಗಿಸಿ ಕೊಡ್ತೀನಿ. ಎಡಗೈಯವ್ರಿಗೆ ಅಂತಾನೇ ಮಾಡಿರೋದು.” ಹಿಡಿಯ ಬೆನ್ನು ಕಳಚಿ, ಎಲ್ಲಕ್ಕಿಂತ ಚಿಕ್ಕದನ್ನು ಕೂರಿಸಿ ಮತ್ತೆ ಅವಳ ಕೈಗಿತ್ತರು. ಅವಳ ಬೆರಳುಗಳು ಅದರ ಸುತ್ತ ಸಲೀಸಾಗಿ ಮುಚ್ಚಿಕೊಂಡವು.

“ಎಡಗೈಯವ್ರಿಗೆ ಅಂತಾನೇನಾ?” ಎಂದು ಮತ್ತೊಮ್ಮೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಕತ್ತರಿ ಬಲಗೈದು, ಕುಡುಗೋಲು ಬಲಗೈದು. ನನ್ನ ಕೈಗೆ ಅಂತ ಇಷ್ಟು ವರ್ಷದಲ್ಲಿ ಯಾರೂ ಏನೂ ಮಾಡಿರ್ಲಿಲ್ಲ ಕಣ್ರೀ,” ಎಂದಳು.

ನನಗೆ ಕಸಿವಿಸಿಯಾಯಿತು. ನಿಜಕ್ಕೂ ಆಯಿತು. ಕಸಿವಿಸಿಯಾದಾಗ ಗಂಡಸರು ಏನು ಮಾಡುತ್ತಾರೋ ಅದನ್ನೇ ನಾನೂ ಮಾಡಿದೆ. ಉಪನ್ಯಾಸ ಶುರುಮಾಡಿದೆ.

“ಕೊಡು ಇಲ್ಲಿ. ಯಾರು ಏನೇ ಹೇಳಿದ್ರೂ, ಖಾಲಿ ಇದ್ಯಾ ಅಂತ ನಾವೇ ನೋಡ್ಬೇಕು. ಹೇಗೆ ಗೊತ್ತಾ?” ಎಂದು ಪಿಸ್ತೂಲನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ತೋರುಬೆರಳನ್ನು ಸ್ಲೈಡಿನ ಕಿಂಡಿಯೊಳಗೆ ತೂರಿಸಿದೆ. ನಾನು ಯೂಟ್ಯೂಬಿನಲ್ಲಿ ನೋಡಿದ ಪಿಸ್ತೂಲಿಗೆ ಬಲಪಕ್ಕದಲ್ಲಿ ಏನೂ ಇರಲಿಲ್ಲ. ಇದಕ್ಕೆ, ಎಡಗೈಯವರ ಅನುಕೂಲಕ್ಕೆಂದು, ಅಲ್ಲೂ ಒಂದು ಕಡ್ಡಿ ಇತ್ತು. ನನ್ನ ಎಡಗೈ ಹೆಬ್ಬೆರಳು ಸರಿಯಾಗಿ ಅದರ ಮೇಲೆ ಕೂತಿತು.

ಫಟ್ ಎಂದು ಸ್ಲೈಡು ಮುಂದಕ್ಕೆ ಹಾರಿತು!

ನಾನು ಹಾಕಿದ ಕೂಗಿಗೆ ಎದುರಿನ ಬೇಕರಿಯವರು ಎದ್ದು ನಿಂತರಂತೆ.

“ಖಾಲಿ ಇದ್ಯಾ ಸಾರ್?” ಎಂದರು ಏಕಾಂತಪ್ಪ ಗಾಬರಿಯಲ್ಲಿ.

“ಈಗಿಲ್ಲ,” ಎಂದಳು ಕುಸುಮಾ. “ಇವ್ರ ಬೆರಳಿದೆ.”

ಪಿಸ್ತೂಲೇನೋ ಕೊಂಡೆವು. ಆದರೆ ಡಾಕ್ಟರು ಪಟ್ಟಿ ಕಟ್ಟಿ ಸುತ್ತಿದ ಮೇಲೆ ಆ ಬೆರಳು ಕಡುಬಿನ ಗಾತ್ರವಾಯಿತು. ನೆಟ್ಟಗೆ ನಿಂತು, ಎದುರು ಬಂದವರನ್ನೆಲ್ಲ ಬೆರಳು ತೋರಿಸಿ ಬೈಯುವಂತೆ ಕಾಣುತ್ತಿತ್ತು. ಟ್ರಿಗರ್ ಒತ್ತುವುದಿರಲಿ, ಕಾಲರ್ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಪಂದ್ಯ ಮುಂದೂಡು ಎಂದು ಪ್ರಶಾಂತನನ್ನು ಬೇಡಿಕೊಂಡೆ.

“ಯಾಕೆ ಮಾರಾಯ? ಲೈಸೆನ್ಸ್ ಕುಸುಮಕ್ಕಂದು ತಾನೇ? ಅವ್ರೇ ಹೊಡೀಲಿ,” ಎಂದ.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಅವಳು ಕಾಯಿ ಒಡೆದರೆ ನಾನು ಟವೆಲ್ಲಿನಿಂದ ಪಾರು! ಅಂದಿನಿಂದ ಅವಳ ಗುರುವಾದೆ. ಗಾಜು ಹಾಕಿಸೋಣ ಎಂದೆ. ಮಂಗಕ್ಕೆ ಕಲ್ಲು ಹೊಡೆಯುವಾಗ ಯಾವ ಗಾಜಿತ್ತು ಎಂದಳು. ಟಾರ್ಚು ಎಂದೆ, ಭಾರ ಎಂದಳು. ರೇಂಜಿಗೆ ಹೋಗಿ ಅಭ್ಯಾಸ ಮಾಡುವಾಗ ಹಳೆಯ ರೂಢಿಯಿಂದ ಅವಳು ಬಲಗೈಗೆ ಬದಲಿಸಲು ಹೋದರೆ, “ಎಡಗೈ, ಎಡಗೈ! ದಮ್ಮಯ್ಯ ಮಾರಾಯ್ತಿ, ಎಡಗೈಲೇ ಹೊಡಿ!” ಎಂದು ಅಂಗಲಾಚುತ್ತಿದ್ದೆ. ಅವಳು ನನ್ನನ್ನೊಮ್ಮೆ ನೋಡಿದಳು. ಪಿಸ್ತೂಲನ್ನು ಎಡಗೈಗೆ ಬದಲಿಸಿದಳು.

ಶೂಟಿಂಗಿನ ದಿನ ಮಣ್ಣಿನ ದಿಬ್ಬದ ಮುಂದೆ ಕಾಯಿಗಳನ್ನು ಕಂಬಕ್ಕೆ ಕಟ್ಟಿದ್ದರು. ಕುಸುಮಾಳ ಮೊದಲ ಗುಂಡು ದಿಬ್ಬಕ್ಕೆ ಹೋಯಿತು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಎರಡನೆಯದಕ್ಕೆ ಕಾಯಿ ಚೂರಾಗಿ ನೀರು ಚಿಮ್ಮಿತು. ಹೆಂಡತಿಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ. ಪಟ್ಟಿ ಕಟ್ಟಿದ ಬೆರಳನ್ನು ಆಕಾಶಕ್ಕೆತ್ತಿ, “ಒಡೆದ್ವಿ! ಪ್ರಶಾಂತ, ಒಡೆದ್ವಿ!” ಎಂದು ಕುಣಿದೆ.

“ಒಡೆದಿದ್ದು ಅವ್ರು, ಪಂದ್ಯ ಕಟ್ಟಿದ್ದು ನೀನು,” ಎಂದ ಪ್ರಶಾಂತ್. “ಕುಸುಮಕ್ಕನೇ ತೀರ್ಪು ಹೇಳ್ಲಿ.”

ನಾನು ನಿಶ್ಚಿಂತನಾದೆ. ಕೈಹಿಡಿದವಳು ಕೈಬಿಡುತ್ತಾಳೆಯೇ?

ಕುಸುಮಾ ಪಿಸ್ತೂಲನ್ನು ಖಾಲಿ ಮಾಡಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. “ಮಾತು ಅಂದ್ರೆ ಮಾತು. ‘ನಾನು ಒಡೀದಿದ್ರೆ’ ಅಂದಿದ್ದು ಇವ್ರೇ,” ಎಂದಳು. ಆಮೇಲೆ ಕೈಚೀಲ ತೆರೆದಳು. “ಟವೆಲ್ ಮನೆಯಿಂದಾನೇ ತಂದಿದೀನಿ.”

ಹೀಗೆ ನಾನು ಸೊಂಟಕ್ಕೆ ಟವೆಲ್ ಬಿಗಿದು ಪಂಕ್ತಿಗೆ ಇಳಿದೆ. ಬಲಗೈಯಲ್ಲಿ ಸೌಟು ನಿಲ್ಲುತ್ತಿರಲಿಲ್ಲ. ಎಡಗೈಯಲ್ಲೇ ಬಡಿಸುತ್ತ ಕುಸುಮಾಳ ಎಲೆಯ ಹತ್ತಿರ ಬಂದೆ.

“ರೀ, ಎಡಗೈಲಿ ಬಡಿಸ್ಬೇಡಿ,” ಎಂದಳು ಮೆಲ್ಲಗೆ. “ಏಳ್ಗೆ ಆಗಲ್ಲ.”

ಪ್ರಶಾಂತನಿಗೆ ನಗು ನೆತ್ತಿಗೇರಿ ಕೆಮ್ಮು ಬಂತು. ಎಲ್ಲರದೂ ಮುಗಿದ ಮೇಲೆ ನಾನೂ ಒಂದು ಎಲೆಯ ಮುಂದೆ ಕೂತೆ. ಬಲಗೈ ಬೆರಳು ಸೂರು ತೋರಿಸುತ್ತಿತ್ತು. ಬೇರೆ ದಾರಿಯಿಲ್ಲದೆ ಎಡಗೈಯಿಂದ ಕಡುಬು ಮುರಿಯಲು ಹೋದೆ. ಅದು ಎಲೆಯಿಂದ ಜಾರಿ, ಮೇಜಿನ ಮೇಲೆ ಉರುಳಿ, ನೇರವಾಗಿ ನನ್ನ ಮಡಿಲಿಗೆ ಬಿತ್ತು.

ಕುಸುಮಾ ಇನ್ನೊಂದು ಕಡುಬನ್ನು ತೆಗೆದು, ಎಡಗೈಯಿಂದಲೇ, ನನ್ನ ಎಲೆಗೆ ಹಾಕಿದಳು.

“ಅಭ್ಯಾಸ ಆಗುತ್ತೆ ಬಿಡಿ,” ಎಂದಳು. “ನಂಗೆ ಬಲಗೈ ಆಗ್ಲಿಲ್ವಾ?”