ಗೌರಮ್ಮನ ಹೆಜ್ಜೆ, ನನ್ನ ಕೀರ್ತಿ

ಹಿಂದೆ ಮನುಷ್ಯನ ಕ್ಷೇಮವನ್ನು ಇನ್‌ಲ್ಯಾಂಡ್ ಲೆಟರಿನ ಮೊದಲ ಸಾಲಿನಲ್ಲೇ ವಿಚಾರಿಸಿ ಮುಗಿಸಿಬಿಡುತ್ತಿದ್ದರು. ‘ಇತ್ತ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ’ ಎಂದಾದ ಮೇಲೆ ಯಾರಿಗೆ ಗಂಡು ಗೊತ್ತಾಯಿತು, ಹುಣಸೆಹಣ್ಣು ಯಾವಾಗ ಕಳಿಸುತ್ತೀರಿ ಎಂಬ ಗಂಭೀರ ವಿಷಯಗಳಿಗೆ ಹೋಗಬಹುದಿತ್ತು. ಈಗ ಕ್ಷೇಮ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಹೆಬ್ಬಾಳದ ನಮ್ಮ ಕಚೇರಿಯಲ್ಲಿ ಅದಕ್ಕೆ ‘ವೆಲ್‌ನೆಸ್’ ಎಂಬ ಹೆಸರಿದೆ, ಸಹನಾ ಎಂಬ ಉತ್ಸಾಹಿ ಹುಡುಗಿಯ ಉಸ್ತುವಾರಿಯಿದೆ. ಸೋಮವಾರ ಧ್ಯಾನ, ಮಂಗಳವಾರ ನವಣೆ ಉಪ್ಪಿಟ್ಟು, ಬುಧವಾರ ಫೋನಿನಲ್ಲಿ ನಮ್ಮ ದುಃಖ ಕೇಳುವ ಸೇವೆ. ನಾನೂ ಒಮ್ಮೆ ಫೋನು ಮಾಡಿ ನನ್ನ ಕುರ್ಚಿಯ ಚಕ್ರ ಕಿರುಗುಟ್ಟುತ್ತದೆ ಎಂದು ತೋಡಿಕೊಂಡೆ. “ಆಗ ನಿಮಗೆ ಏನನ್ನಿಸುತ್ತೆ ಸರ್?” ಎಂದು ಆ ಕಡೆಯ ಹೆಂಗಸು ಬಹಳ ಕರುಣೆಯಿಂದ ಕೇಳಿದರು. “ಎಣ್ಣೆ ಬಿಡ್ಬೇಕು ಅನ್ಸುತ್ತಮ್ಮ” ಎಂದೆ. ಸೇವೆ ಅಲ್ಲಿಗೆ ಮುಕ್ತಾಯವಾಯಿತು.

ನಮ್ಮದು ಊರಿನವರ ಲಿಫ್ಟುಗಳನ್ನು ರಿಪೇರಿ ಮಾಡುವ ಕಂಪನಿ. ಆದ್ದರಿಂದ ನಮ್ಮ ಕಟ್ಟಡದ ಲಿಫ್ಟು ಕೆಟ್ಟು ವರ್ಷವಾದರೂ ಯಾರಿಗೂ ಆಶ್ಚರ್ಯವಿಲ್ಲ. ಎಂಥ ವೈದ್ಯನೂ ತನ್ನ ಹಲ್ಲುನೋವಿಗೆ ಬೇರೆಯವರನ್ನೇ ಕಾಯಬೇಕಲ್ಲ. ನಾನು ಮೂರನೆಯ ಮಹಡಿಯಲ್ಲಿ ಫೈಲುಗಳ ನಡುವೆ ಇರುವವನು. ಬೆಳಗ್ಗೆ ಒಮ್ಮೆ ಹತ್ತುತ್ತಿದ್ದೆ, ಸಂಜೆ ಒಮ್ಮೆ ಇಳಿಯುತ್ತಿದ್ದೆ. ನಡುವಿನ ಕಾಲವೆಲ್ಲ ಕುರ್ಚಿಗೆ ಮೀಸಲು.

ಹೀಗಿರುವಾಗ ಸಹನಾ ಎಲ್ಲರಿಗೂ ಹೆಜ್ಜೆ, ಎದೆಬಡಿತ ಎರಡನ್ನೂ ಎಣಿಸುವ ಕೈಗಡಿಯಾರ ಹಂಚಿದಳು. ಲೆಕ್ಕ ನಮ್ಮ ಫೋನಿಗೆ ಬಂದು, ಅಲ್ಲಿಂದ ಗೋಡೆಯ ಮೇಲಿನ ಟೀವಿಗೆ ಹೋಗಿ, ಹೆಸರು ಸಮೇತ ಲೋಕಕ್ಕೆ ಪ್ರಕಟವಾಗುತ್ತಿತ್ತು. ಮೊದಲ ವಾರ ನಾನು ಎಲ್ಲರಿಗಿಂತ ಕೆಳಗೆ. ಐವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಕೊನೆಯ ಬೆಂಚಿಗೆ ಹೋಗುವುದು ಮರ್ಯಾದಸ್ಥರಿಗೆ ಕಷ್ಟ.

ಆಗ ನನ್ನ ಕಣ್ಣಿಗೆ ಬಿದ್ದವಳು ಗೌರಮ್ಮ. ರಾಜಾನುಕುಂಟೆಯಿಂದ ಬಂದು, ಫ್ಲಾಸ್ಕು ಹಿಡಿದು ದಿನಕ್ಕೆ ನಾಲ್ಕು ಸಲ ಮೂರೂ ಮಹಡಿ ಹತ್ತಿ ಎಲ್ಲರಿಗೂ ಟೀ ಕೊಡುವಾಕೆ. ಇಷ್ಟೊಂದು ಹೆಜ್ಜೆಗಳು ಯಾರ ಲೆಕ್ಕಕ್ಕೂ ಸೇರದೆ ಹಾಳಾಗುತ್ತಿವೆಯಲ್ಲ ಎಂದು ನನಗೆ ಮರುಕವಾಯಿತು.

“ಗೌರಮ್ಮ, ಇದನ್ನ ಸಂಜೆವರೆಗೂ ಕಟ್ಕೊಂಡಿರ್ತೀಯಾ?” ಎಂದೆ.

“ಟೇಮ್ ತೋರಿಸ್ತದಾ ಸಾ?”

“ತೋರಿಸುತ್ತೆ.”

“ಅಂಗಾದ್ರೆ ಕೊಡಿ. ಐದೂ ನಲವತ್ತರ ಬಸ್ಸು ದಿನಾ ತೆಪ್ಪೋಯ್ತದೆ.”

ಒಪ್ಪಂದದಿಂದ ಇಬ್ಬರಿಗೂ ಲಾಭವೇ. ಅವಳಿಗೆ ಬಸ್ಸು ಸಿಕ್ಕಿತು. ನಾನು ಎರಡೇ ವಾರದಲ್ಲಿ ಪಟ್ಟಿಯ ತುದಿಗೇರಿದೆ. ಮುಂದಿನ ಶುಕ್ರವಾರ ಹಿರಿಯ ಮ್ಯಾನೇಜರರ ಎದುರು ‘ನನ್ನ ಆರೋಗ್ಯದ ಗುಟ್ಟು’ ಎಂದು ನಾನು ಮಾತಾಡಬೇಕೆಂದು ಗೊತ್ತಾಯಿತು. ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ, “ಮೂಲೆ ಅಂಗಡೀಲಿ ಮೊಸರು ತನ್ನಿ ಅಂದ್ರೆ ಮಂಡಿ ನೋವು ಅಂತೀರ. ಹದಿನಾಲ್ಕು ಸಾವಿರ ಹೆಜ್ಜೆ ಎಲ್ಲಿ ಹಾಕ್ತೀರ್ರೀ?” ಎಂದಳು. ಸಾಧಕರನ್ನು ಮನೆಯವರು ಅರ್ಥಮಾಡಿಕೊಳ್ಳುವುದು ಅಪರೂಪ.

ಮಂಗಳವಾರ ಮಧ್ಯಾಹ್ನ ಫೋನು ಗುಂಯ್‌ಗುಟ್ಟಿತು. ‘ನೀವು ವಿಶ್ರಾಂತಿಯಲ್ಲಿದ್ದರೂ ಎದೆಬಡಿತ ಅತಿಯಾಗಿದೆ. ವೈದ್ಯರನ್ನು ಕಾಣಿರಿ.’ ಐದು ನಿಮಿಷಕ್ಕೆ ಮತ್ತೆ ಅದೇ. ಮೇಲೆ ನನ್ನ ಹೆಸರಿತ್ತು. ಹೆಸರು ನನ್ನದಾದ ಮೇಲೆ ಹೃದಯವೂ ನನ್ನದೇ ಎಂದುಕೊಂಡೆ. ಓದಿದ್ದೇ ತಡ, ಅದುವರೆಗೆ ತೆಪ್ಪಗಿದ್ದ ಎದೆ ನಿಜವಾಗಿಯೂ ಢವಢವ ಎನ್ನತೊಡಗಿತು. ಸಹನಾ ಓಡಿಬಂದು, ಕಂಪನಿಯ ಹೆಲ್ತ್ ಕಾರ್ಡು ಕೈಗಿಟ್ಟು, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದಳು. ದಾರಿಯುದ್ದಕ್ಕೂ ನಾನು ಹಗೆಗಳನ್ನೆಲ್ಲ ಕ್ಷಮಿಸುತ್ತಾ ಹೋದೆ. ಮೇಲುಸೇತುವೆ ಇಳಿಯುವಷ್ಟರಲ್ಲಿ ನಮ್ಮ ಭಾವಮೈದುನನೊಬ್ಬನೇ ಉಳಿದಿದ್ದ.

ಇಸಿಜಿ ತೆಗೆಯಲು ಮಲಗಿಸಿದ ನರ್ಸಮ್ಮ, “ಕೈಯಲ್ಲಿ ವಾಚ್ ಇದ್ರೆ ತೆಗೀರಿ ಸರ್” ಎಂದರು.

ಕೈ ನೋಡಿಕೊಂಡೆ. ಬೋಳು ಕೈ.

ಒಂದು ಗಳಿಗೆ ಬದುಕಿದೆನಲ್ಲ ಎಂಬ ಸಂತೋಷ. ಅದರ ಬೆನ್ನಿಗೇ, ಹಾಗಾದರೆ ಓಡುತ್ತಿರುವ ಎದೆ ಯಾರದು ಎಂದು ಹೊಳೆದು ಬೆವರು ಕಿತ್ತುಬಂತು. ಅಂಗಿಯ ಗುಂಡಿಯನ್ನು ತಪ್ಪುತಪ್ಪಾಗಿ ಹಾಕಿಕೊಂಡು ಕಚೇರಿಗೆ ಓಡಿದೆ. ಆ ದಿನ ನಾನು ಸ್ವಂತ ಕಾಲಿನಿಂದ ಓಡಿದ್ದಕ್ಕೆ ಲೆಕ್ಕವೇ ಇಲ್ಲ, ಗಡಿಯಾರ ಇರಲಿಲ್ಲವಲ್ಲ.

ಗೌರಮ್ಮ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಫ್ಲಾಸ್ಕನ್ನು ಮಡಿಲಲ್ಲಿಟ್ಟು ಕೂತಿದ್ದಳು. “ಏನಿಲ್ಲ ಸಾ, ವಸಿ ಎದೆ ಒಡ್ಕೋತದೆ. ಎರಡು ತಿಂಗಳಿಂದ ಇಂಗೇಯ. ಕೂತ್ರೆ ಸರೋಯ್ತದೆ.”

“ಏಳು, ಆಸ್ಪತ್ರೆಗೆ ಹೋಗ್ಬೇಕು.”

“ಮೂರ್ನೇ ಫ್ಲೋರಿಗೆ ಟೀ ಕೊಟ್ಟಿಲ್ಲ ಸಾ.”

“ಮೂರನೇ ಫ್ಲೋರು ನಾನೇ ಕಣಮ್ಮ, ನನಗೆ ಟೀ ಬೇಡ!” ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಕಾರ್ಡು ಕೇಳಿದರು. ಗೌರಮ್ಮ ಗುತ್ತಿಗೆದಾರನ ಕಡೆಯವಳು. ನಮ್ಮ ಧ್ಯಾನ, ನವಣೆ, ಕಾರ್ಡು ಯಾವುದರ ಪಟ್ಟಿಯಲ್ಲೂ ಅವಳ ಹೆಸರಿರಲಿಲ್ಲ. ಸಹನಾಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ.

“ಅಂದ್ರೆ, ಅಷ್ಟೂ ಹೆಜ್ಜೆ...?”

“ಗೌರಮ್ಮಂದು.”

ಬೈಯುತ್ತಾಳೆಂದು ಕಾದೆ. “ಸರ್, ಬೈಯೋದು ಆಮೇಲೆ ಇಟ್ಕೋತೀನಿ. ಫಸ್ಟು ಆಸ್ಪತ್ರೆಯವ್ರಿಗೆ ಫೋನ್ ಕೊಡಿ, ನಾನ್ ಮಾತಾಡ್ತೀನಿ” ಎಂದಳು. ಅವಳಿಗೆ ಆ ಹೆಸರಿಟ್ಟವರಿಗೆ ಮನಸ್ಸಿನಲ್ಲೇ ಕೈಮುಗಿದೆ. ವೈದ್ಯರು ನೋಡಿ, ಥೈರಾಯ್ಡ್ ಮಿತಿಮೀರಿದೆ, ಇನ್ನಷ್ಟು ದಿನ ಬಿಟ್ಟಿದ್ದರೆ ಹೃದಯಕ್ಕೆ ಕಷ್ಟವಾಗುತ್ತಿತ್ತು, ಮಾತ್ರೆಗೆ ಹಿಡಿತಕ್ಕೆ ಬರುತ್ತದೆ, ಸದ್ಯಕ್ಕೆ ಮಹಡಿ ಹತ್ತುವುದು ಬೇಡ ಎಂದರು. ಮೆಟ್ಟಿಲು ಹತ್ತಿ ಹತ್ತಿ ಸಣ್ಣಗಾಗಿದ್ದೇನೆಂದು ಅವಳು ತಿಳಿದಿದ್ದಳಂತೆ. ನಾವೂ ಹಾಗೆಂದೇ ಅವಳನ್ನು ಹೊಗಳುತ್ತಿದ್ದೆವು.

ಶುಕ್ರವಾರ ಎದ್ದು ನಿಂತು, “ನನ್ನ ಆರೋಗ್ಯದ ಗುಟ್ಟು ಗೌರಮ್ಮ” ಎಂದು ಶುರುಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಯಾರೂ ನಗಲಿಲ್ಲ. ಕೊನೆಗೆ ಮ್ಯಾನೇಜರರು ಸಹನಾ ಕಡೆ ತಿರುಗಿ, “ಟೀ ಕೊಡೋರಿಗೆ, ಕಸ ಗುಡಿಸೋರಿಗೆ ಈ ಸ್ಕೀಮ್ ಇಲ್ವಾ?” ಎಂದರು. “ಇಲ್ಲ ಸರ್” ಎಂದು ಸಹನಾ ಅಂಥವರ ಹನ್ನೊಂದು ಹೆಸರುಗಳಿದ್ದ ಹಾಳೆಯನ್ನು ಮುಂದೆ ಹಿಡಿದಳು. ಬೆಳಗ್ಗೆಯೇ ಟೈಪು ಮಾಡಿಟ್ಟಿದ್ದಳು, ಜಾಣೆ. ಸಹಿ ಅಲ್ಲೇ ಬಿತ್ತು. ನನಗೆಂದು ತಂದಿದ್ದ ಬಹುಮಾನದ ಯೋಗದ ಚಾಪೆ ಗೌರಮ್ಮನಿಗೆ ಹೋಯಿತು. ಅದರ ಮೇಲೆ ಒಣಹಾಕಿದ ಸಂಡಿಗೆ ಅಂಟದೆ ಏಳುತ್ತದೆಯಂತೆ. ನನಗೂ ಒಂದು ಡಬ್ಬಿ ತಂದುಕೊಟ್ಟಳು.

ಲಿಫ್ಟು ಇನ್ನೂ ರಿಪೇರಿಯಾಗಿಲ್ಲ. ಗೌರಮ್ಮ ಈಗ ಕೆಳಗೇ ಕೂತು ಟೀ ಕೊಡುತ್ತಾಳೆ. ದಿನಕ್ಕೆ ನಾಲ್ಕು ಸಲ ನಾನೇ ಇಳಿದು ಹತ್ತಬೇಕು. ಏದುಸಿರು ಬಿಡುತ್ತಾ ಹೋದರೆ, “ನಿಮ್ ವಾಚ್‌ನಿಂದ ನನ್ ಜೀವ ಉಳೀತು ಸಾ” ಎಂದು ಒಂದು ಚಮಚ ಸಕ್ಕರೆ ಕಡಿಮೆ ಹಾಕಿ ಕೊಡುತ್ತಾಳೆ. ಉಪಕಾರ ಯಾರಿಂದ ಯಾರಿಗಾಯಿತೆಂದು ನಾನು ವಾದಿಸಲು ಹೋಗುವುದಿಲ್ಲ. ಅಷ್ಟು ಉಸಿರು ಉಳಿದಿರುವುದಿಲ್ಲ. ಮನೆಯಲ್ಲಿ ಮೊಸರು ತರುವ ಕೆಲಸವೂ ಈಗ ಖಾಯಂ ಆಗಿದೆ. ಗಡಿಯಾರ ನನ್ನ ಕೈಯಲ್ಲೇ ಇದೆ, ಹೆಜ್ಜೆಗಳೆಲ್ಲ ಸ್ವಂತದವು. ಈ ತಿಂಗಳ ಪಟ್ಟಿಯಲ್ಲಿ ನಾನು ಕೊನೆಯವನಲ್ಲ, ಕೊನೆಯಿಂದ ಎರಡನೆಯವನು. ಕೊನೆಯವರು ಹೆರಿಗೆ ರಜೆಯಲ್ಲಿದ್ದಾರೆ.