ನೆಟ್ ಜೀರೋ ಮತ್ತು ಮಂಡಿ ಸಾಹುಕಾರ್ರು

ನಾನು ಗಂಭೀರವಾಗಿ ಏನೇ ಮಾಡಿಸೋಕೆ ಹೋದ್ರೂ ಅದು ನಗೆಪಾಟಲಾಗೇ ಮುಗೀತದೆ, ನನ್ನ ಹಣೆಬರಹ. ಹೊಳಲ್ಕೆರೆಯ ಒಂದು ಕಾಲೇಜಲ್ಲಿ ನಾನು ಭೂಗೋಳದ ಅತಿಥಿ ಉಪನ್ಯಾಸಕಿ. ಹೆಸರಿಗಷ್ಟೇ ಅತಿಥಿ, ಕಾಫಿ ಕುಡಿದ್ರಾ ಅಂತ ಕೂಡ ಯಾರೂ ಕೇಳಲ್ಲ. ಯಾವ ದೇಶ ಯಾವಾಗ ನೆಟ್ ಜೀರೋ ಮುಟ್ಟುತ್ತೆ, ಅಂದ್ರೆ ಬಿಟ್ಟಷ್ಟು ಹೊಗೇನೂ ವಾಪಸ್ ಹೀರ್ಕೊಳ್ಳುತ್ತೆ, ಅದರ ಮೇಲೆ ಮಕ್ಕಳಿಗೆ ಭಾಷಣ ಸ್ಪರ್ಧೆ ಇಡ್ರಿ ಅಂದ್ರು ಪ್ರಿನ್ಸಿಪಾಲರು. ಆಡಳಿತ ಮಂಡಳಿ ಅಧ್ಯಕ್ಷರು ಬರ್ತಾರೆ, ಅವರಿಗೆ ಹಿಡಿಸಿದ್ರೆ ಮುಂದಿನ ವರ್ಷವೂ ನಿಮಗೆ ಕೆಲಸ, ಇಲ್ಲಾಂದ್ರೆ ಇಲ್ಲ ಅಂತ ಬಾಲಂಗೋಚಿ ಬೇರೆ.

೧. ಡೆನ್ಮಾರ್ಕಿನ ಮಳೆ

ಒಬ್ಬೊಬ್ರಿಗೆ ಒಂದೊಂದು ದೇಶ ಹಂಚಿ, ಬಿ.ದುರ್ಗದ ಹುಡುಗಿಗೆ ಡೆನ್ಮಾರ್ಕ್ ಕೊಟ್ಟಿದ್ದೆ. ಅಲ್ಲಿನ ಗಾಳಿ ವಿದ್ಯುತ್ ಬಗ್ಗೆ ಚೆನ್ನಾಗೇ ಬರೆದು, ಕೊನೆಗೆ ‘ಆದ್ದರಿಂದ ಅಲ್ಲಿ ಮಳೆ ಇಲ್ಲ’ ಅಂತ ಸೇರಿಸಿದ್ಲು. ಯಾರು ಹೇಳಿದ್ದು ಅಂದ್ರೆ, ಅಜ್ಜಿ ಅಂದ್ಲು. ನಮ್ಮ ಗುಡ್ಡದ ಮೇಲೆ ಗಾಳಿ ಕರೆಂಟಿನ ಫ್ಯಾನು ನಿಲ್ಲಿಸಿದಾಗಿಂದ ಮೋಡ ಹಾರಿಹೋಗ್ತಾವಂತೆ. ಡೆನ್ಮಾರ್ಕಿನಲ್ಲಿ ಮಳೆ ಬೇಕಾದಷ್ಟು ಬರ್ತದೆ ಅಂತ ತಿದ್ದಿ ಕಳಿಸಿದೆ. ಮಾರನೇ ದಿನ ಅಜ್ಜಿಯ ಉತ್ತರ ಬಂತು: “ಮಳೆ ಬರ್ದೇ ಏನು? ನಮ್ಮ ಮೋಡ ಎಲ್ಲಿಗೆ ಹೋದ್ವು ಅಂತ ಈಗ ಗೊತ್ತಾತು.”

೨. ಮುಹೂರ್ತ

ರಾಮಗಿರಿಯ ಹುಡುಗನಿಗೆ ಭಾರತ. ಎಷ್ಟೋ ದೇಶದೋರು ಎರಡು ಸಾವಿರದ ಐವತ್ತು ಅನ್ನುವಾಗ ನಾವ್ಯಾಕೆ ಎಪ್ಪತ್ತು ಅಂತೀವಿ, ಕಾರಣ ಹುಡುಕಪ್ಪ ಅಂದೆ. ಯೋಚನೆ ಮಾಡಿ ಹೇಳಿದ: “ಬ್ಯಾರೆ ದೇಶದೋರು ಲಗ್ನಪತ್ರಿಕೆಯಾಗಿನ ಟೈಮ್ ಹೇಳ್ಯಾರೆ ಮೇಡಂ. ನಾವು ದಿಬ್ಬಣದ ಬಸ್ಸು ನಿಜವಾಗ್ಲೂ ಹೊರಡೋ ಟೈಮ್ ಹೇಳೀವಿ.”

೩. ಎಪ್ಪತ್ತು ಒಂದ್ಸಾರಿ

ಅಧ್ಯಕ್ಷರು ಈರುಳ್ಳಿ ಮಂಡಿ ಸಾಹುಕಾರ್ರು, ಹರಾಜು ಕೂಗಿಯೇ ಬೆಳೆದೋರು. ಭಾಷಣದುದ್ದಕ್ಕೂ ಕುಂತಲ್ಲೇ ತೂಕಡಿಸ್ತಿದ್ರು. ಕೊನೆಗೆ ಮಕ್ಕಳು ಸಾಲಾಗಿ ನಿಂತು ತಮ್ಮ ದೇಶದ ವರ್ಷ ಹೇಳಿದ್ರು. ಡೆನ್ಮಾರ್ಕ್ ನಲವತ್ತೈದು. ಜಪಾನ್ ಐವತ್ತು. ಚೀನಾ ಅರವತ್ತು. ಸಾಹುಕಾರ್ರಿಗೆ ಫಕ್ಕನೆ ಎಚ್ಚರಾತು. ಭಾರತ ಎಪ್ಪತ್ತು ಅನ್ನುತ್ಲೂ ಮೈಕ್ ಎಳಕೊಂಡು, ಎಪ್ಪತ್ತರ ಮೇಲೆ ಯಾರಾದ್ರೂ ಅದೀರಾ ಅಂತ ಕೇಳಿ, ಒಂದ್ಸಾರಿ, ಎರಡ್ಸಾರಿ, ಮೂರ್ಸಾರಿ ಕೂಗಿ, ಗೆದ್ದೋರಿಗೆ ಅಂತ ಇಟ್ಟಿದ್ದ ಬಹುಮಾನದ ಕಪ್ಪನ್ನ ರಾಮಗಿರಿ ಹುಡುಗನ ಕೈಗಿಟ್ಟೇಬಿಟ್ರು.

ತೀರ್ಪುಗಾರರು ಗೆಲ್ಲಿಸಿದ್ದು ಡೆನ್ಮಾರ್ಕನ್ನ. ಆ ಹುಡುಗಿ ಕಣ್ಣಾಗೆ ನೀರು. ಪ್ರಿನ್ಸಿಪಾಲರು ನನಗೆ ಸುಮ್ಕಿರ್ರಿ ಅಂತ ಸನ್ನೆ ಮಾಡಿದ್ರು. ನನಗೆ ಸಿಟ್ಟು ಬಂದಿತ್ತು. ಕೆಲಸ ಹೋದ್ರೆ ಹೋಗ್ಲಿ ಅಂತ ಎದ್ದು ನಿಂತು, ಕಪ್ಪು ಡೆನ್ಮಾರ್ಕಿನದು ಸಾಹುಕಾರ್ರೇ, ಇದರಾಗೆ ಕಡಿಮೆ ಹೇಳಿದೋರೇ ಮೇಲು ಅಂದೆ.

“ಹಂಗಾದ್ರೆ ಇದು ಹರಾಜಲ್ಲ, ಟೆಂಡರ್ ಅನ್ರಿ. ಮೊದ್ಲೇ ಹೇಳ್ಬಾರ್ದಾ?” ಅಂದು, ಕಪ್ಪು ಇಸ್ಕೊಂಡು ಹುಡುಗಿಗೆ ಕೊಟ್ರು. ಆಮೇಲೆ ನನ್ನನ್ನೇ ದಿಟ್ಟಿಸಿ, ಈ ಮೇಡಮ್ಮೋರಿಗೆ ಪಗಾರ ಎಷ್ಟು ಕೊಡ್ತೀರಿ ಅಂತ ಪ್ರಿನ್ಸಿಪಾಲರನ್ನ ಕೇಳಿದ್ರು. ಅವರು ಕಿವಿಯಾಗೆ ಹೇಳಿದ್ರು.

ಸಾಹುಕಾರ್ರು ಮೈಕಿನಲ್ಲೇ ಅಂದ್ರು: “ಇದಕ್ಕಿಂತ ಕಡಿಮೆಗೆ ಯಾರೂ ಬರಾಕಿಲ್ಲ. ಮುಂದಿನ ವರ್ಷದ ಟೆಂಡರೂ ಇವರಿಗೇ ಆತು.”